ಕಾರಿನ ಕೂಲೆಂಟ್ ಕೆಲಸ: ಗ್ಯಾರೇಜಿಗೆ ಕೊಡುವುದೇ, ಮನೆಯಲ್ಲೇ ಮಾಡಿಕೊಳ್ಳುವುದೇ?

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 2016ರ ಮಾಡೆಲ್ಲಿನ 1.2 ಲೀಟರ್ ಪೆಟ್ರೋಲ್ ಕಾರಿದೆ. ಇದುವರೆಗೆ ಸುಮಾರು 78,000 ಕಿಲೋಮೀಟರ್ ಓಡಿದೆ. ಹೆಂಡತಿಯ ತವರು ಉಡುಪಿಯಾದ್ದರಿಂದ ಆಗುಂಬೆ ಘಟ್ಟವನ್ನು ಆಗಾಗ ಇಳಿದು ಹತ್ತಬೇಕಾಗುತ್ತದೆ. ಕೆಲವು ತಿಂಗಳುಗಳಿಂದ ಬಾನೆಟ್ಟಿನೊಳಗಿನ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಡಬ್ಬಿಯಲ್ಲಿ ಮಟ್ಟ ನಿಧಾನವಾಗಿ ಇಳಿಯುತ್ತಿದೆ, ಮೊದಲು ಹಸಿರಾಗಿದ್ದ ದ್ರವ ಈಗ ಕಂದು ಬಣ್ಣಕ್ಕೆ ತಿರುಗಿದೆ. ಕಾರು ನಿಲ್ಲಿಸುವ ಜಾಗದಲ್ಲಿ ಹನಿ ಬಿದ್ದ ಗುರುತು ಕಾಣುವುದಿಲ್ಲ. ಎಂಜಿನ್ ಇದುವರೆಗೆ ಹೀಟ್ ಆಗಿಲ್ಲ, ಆದರೆ ಈ ಗಾಡಿಯಲ್ಲಿ ಉಷ್ಣತೆ ತೋರಿಸುವ ಮುಳ್ಳಿಲ್ಲ. ತಣ್ಣಗಿರುವಾಗ ನೀಲಿ ದೀಪ, ಮಿತಿಮೀರಿ ಬಿಸಿಯಾದರೆ ಕೆಂಪು ದೀಪ, ಅಷ್ಟೇ ಇರುವುದು.

ಸರ್ವಿಸ್ ಸೆಂಟರಿನಲ್ಲಿ ಕೇಳಿದಾಗ ರೇಡಿಯೇಟರ್ ಫ್ಲಶ್ (ಒಳಗೆ ತೊಳೆಯುವುದು), ಹೊಸ ಕೂಲೆಂಟ್, ಥರ್ಮೋಸ್ಟಾಟ್ (ಬಿಸಿಯಾದಾಗ ದ್ರವವನ್ನು ರೇಡಿಯೇಟರಿಗೆ ಬಿಡುವ ಕವಾಟ) ಮತ್ತು ವಾಟರ್ ಪಂಪ್ ಬದಲಾವಣೆ ಎಲ್ಲ ಸೇರಿ ಸುಮಾರು ಒಂಬತ್ತು ಸಾವಿರ ರೂಪಾಯಿಯ ಅಂದಾಜು ಬರೆದುಕೊಟ್ಟರು. ನಮ್ಮ ಬಡಾವಣೆಯ ಮೆಕ್ಯಾನಿಕ್ ನೋಡಿ, ಏನೂ ತೊಂದರೆಯಿಲ್ಲ, ಕಡಿಮೆಯಾದಾಗಲೆಲ್ಲ ನೀರು ಹಾಕಿಕೊಂಡರೆ ಸಾಕು ಎಂದರು. ಇಬ್ಬರ ಮಾತಿಗೂ ಇರುವ ಅಂತರ ಇಷ್ಟು ದೊಡ್ಡದಾಗಿರುವುದರಿಂದ ನನಗೆ ಯಾವುದನ್ನು ನಂಬಬೇಕೋ ತಿಳಿಯುತ್ತಿಲ್ಲ. ಎಂಜಿನ್ ಆಯಿಲ್, ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್ಗುಗಳನ್ನು ನಾನೇ ಬದಲಿಸುತ್ತೇನೆ. ಒಳ್ಳೆಯ ಸ್ಪ್ಯಾನರ್ ಸೆಟ್ಟೂ ಇದೆ. ಕೂಲಿಂಗ್ ವ್ಯವಸ್ಥೆಯ ಕೆಲಸದಲ್ಲಿ ಎಷ್ಟನ್ನು ನಾನು ಮನೆಯಲ್ಲೇ ಮಾಡಿಕೊಳ್ಳಬಹುದು, ಎಷ್ಟಕ್ಕೆ ಗ್ಯಾರೇಜಿಗೆ ಹಣ ಕೊಡುವುದು ಸರಿ ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಿ.

ಕೈಗೆಲಸ, ಧಾರವಾಡ

ತುಂಗಾತೀರ ಅವರೇ, ನಾನು ನಮ್ಮ ಮನೆಯ ಎರಡೂ ಕಾರುಗಳ ಕೂಲೆಂಟನ್ನು ಬಹಳ ವರ್ಷಗಳಿಂದ ನಾನೇ ಬದಲಿಸುತ್ತಿದ್ದೇನೆ. ಹಣ ಉಳಿಸುವುದು ಅದಕ್ಕೆ ಮುಖ್ಯ ಕಾರಣವಲ್ಲ. ರೇಡಿಯೇಟರಿನೊಳಗೆ ಯಾವ ನೀರು ಹೋಯಿತು ಎಂಬುದು ನನಗೆ ಖಚಿತವಾಗಿ ತಿಳಿದಿರಬೇಕು ಎನ್ನುವುದೇ ಕಾರಣ. ನಮ್ಮ ಕಡೆಯ ಬಹುಪಾಲು ಗ್ಯಾರೇಜುಗಳಲ್ಲಿ ಇರುವುದು ಬೋರ್‌ವೆಲ್ ನೀರು. ಅದರಲ್ಲಿ ಕರಗಿರುವ ಸುಣ್ಣದ ಅಂಶ ಎಂಜಿನ್ನಿನ ಬಿಸಿ ಗೋಡೆಗಳ ಮೇಲೆ ಪದರಗಟ್ಟುತ್ತದೆ, ಕ್ಲೋರೈಡ್ ಅಂಶ ಅಲ್ಯೂಮಿನಿಯಂ ರೇಡಿಯೇಟರಿನ ತೆಳುವಾದ ಕೊಳವೆಗಳಲ್ಲಿ ಸಣ್ಣ ಸಣ್ಣ ತೂತುಗಳನ್ನು ಕೊರೆಯುತ್ತದೆ. ಎಷ್ಟೇ ದುಬಾರಿ ಕೂಲೆಂಟ್ ತಂದರೂ ಅರ್ಧ ಭಾಗ ಇಂಥ ನೀರನ್ನು ಬೆರೆಸಿದರೆ ಅದರ ರಕ್ಷಕ ರಾಸಾಯನಿಕಗಳು ಬೇಗನೆ ಸವೆದುಹೋಗುತ್ತವೆ. ನಿಮ್ಮ ದ್ರವ ಕಂದಾಗಿದೆ ಎಂದರೆ ಆ ರಾಸಾಯನಿಕಗಳು ಸವೆದು ಒಳಗೆ ತುಕ್ಕು ಆರಂಭವಾಗಿರುವ ಸಾಧ್ಯತೆ ಹೆಚ್ಚು. ಆದ್ದರಿಂದ ಬರೀ ನೀರು ಹಾಕುತ್ತಾ ಹೋಗಿ ಎಂಬ ಸಲಹೆಯನ್ನು ಖಂಡಿತ ಒಪ್ಪಬೇಡಿ.

ಬಿಡಿಸುವ ಮೊದಲು ಪರೀಕ್ಷೆ ಮಾಡಿಕೊಳ್ಳಿ. ದ್ರವ ಬಿಸಿಯಾದಾಗ ಹಿಗ್ಗಿ ಡಬ್ಬಿಗೆ ಬರುತ್ತದೆ, ತಣಿದಾಗ ರೇಡಿಯೇಟರಿಗೆ ಹಿಂದಿರುಗುತ್ತದೆ. ಹಾಗಾಗಿ ಸಂಜೆ ನೋಡಿದ ಮಟ್ಟವನ್ನು ಬೆಳಗಿನ ಮಟ್ಟದೊಂದಿಗೆ ಹೋಲಿಸಿದರೆ ಅರ್ಥವಿಲ್ಲ. ಪ್ರತಿ ಸಲವೂ ಬೆಳಿಗ್ಗೆ, ಎಂಜಿನ್ ಶುರುಮಾಡುವ ಮುನ್ನ, ಸಮತಟ್ಟಾದ ನೆಲದ ಮೇಲೆ ನೋಡಿ, ಡಬ್ಬಿಯ ಹೊರಮೈಯಲ್ಲಿ ಪೆನ್ನಿನಿಂದ ಗುರುತು ಹಾಕಿ. ಆನಂತರ ಟಾರ್ಚ್ ಹಿಡಿದು ಹೋಸುಗಳು ಸೇರುವ ಕಡೆ, ರೇಡಿಯೇಟರಿನ ಅಲ್ಯೂಮಿನಿಯಂ ಭಾಗಕ್ಕೂ ಪ್ಲಾಸ್ಟಿಕ್ ತೊಟ್ಟಿಗೂ ನಡುವಿನ ಅಂಚು, ವಾಟರ್ ಪಂಪಿನ ಕೆಳಗಿನ ಸಣ್ಣ ರಂಧ್ರ, ಇವುಗಳ ಸುತ್ತ ಒಣಗಿದ ಬಿಳಿಯ ಅಥವಾ ಹಸಿರು ಕರೆ ಇದೆಯೇ ನೋಡಿ. ಬಿಸಿ ಎಂಜಿನ್ನಿನ ಮೇಲೆ ಸೋರಿದ್ದು ಅಲ್ಲೇ ಆರಿಹೋಗುವುದರಿಂದ ನೆಲದ ಮೇಲೆ ಹನಿ ಕಾಣದಿರುವುದು ಸೋರಿಕೆ ಇಲ್ಲ ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ. ಡ್ಯಾಶ್‌ಬೋರ್ಡಿನ ಕೆಳಗಿನ ಕಾರ್ಪೆಟ್ ಒದ್ದೆಯಾಗಿದ್ದು, ಹೀಟರ್ ಹಾಕಿದಾಗ ಸಿಹಿ ವಾಸನೆ ಬಂದರೆ, ಒಳಗಿನ ಹೀಟರ್ ಕೋರ್ (ಹೀಟರಿನ ಪುಟ್ಟ ರೇಡಿಯೇಟರ್) ಸೋರುತ್ತಿದೆ ಎಂದು ತಿಳಿಯಬೇಕು. ಅದು ಮನೆಯ ಕೆಲಸವಲ್ಲ.

ಇನ್ನು ಬದಲಾವಣೆಯ ವಿಷಯ. ಎಂಜಿನ್ ಪೂರ್ತಿ ತಣ್ಣಗಿರುವಾಗ, ಅಂದರೆ ರಾತ್ರಿಯಿಡೀ ನಿಂತ ಮೇಲೆ, ರೇಡಿಯೇಟರ್ ಮುಚ್ಚಳ ತೆಗೆದು ಕೆಳಗಿನ ಡ್ರೈನ್ ಪ್ಲಗ್ಗನ್ನು ಸಡಿಲಿಸಬೇಕು. ಅದು ಪ್ಲಾಸ್ಟಿಕ್ಕಿನದಾಗಿರುವುದೇ ಹೆಚ್ಚು, ಒತ್ತಾಯ ಮಾಡಿದರೆ ಮುರಿಯುತ್ತದೆ. ಇಲ್ಲಿ ಹೆಚ್ಚಿನವರ ಗಮನಕ್ಕೆ ಬಾರದ ಒಂದು ಲೆಕ್ಕವಿದೆ. ರೇಡಿಯೇಟರಿನಿಂದ ಹೊರಬರುವುದು ಒಟ್ಟು ದ್ರವದ ಸರಿಸುಮಾರು ಅರ್ಧ ಮಾತ್ರ, ಉಳಿದರ್ಧ ಎಂಜಿನ್ ಬ್ಲಾಕಿನಲ್ಲಿಯೂ ಹೀಟರಿನಲ್ಲಿಯೂ ನಿಂತುಬಿಡುತ್ತದೆ. ನಿಮ್ಮ ಗಾಡಿಯ ಒಟ್ಟು ಸಾಮರ್ಥ್ಯ 5 ಲೀಟರ್ ಎಂದುಕೊಳ್ಳಿ. ಡಿಸ್ಟಿಲ್ಡ್ ವಾಟರ್ ತುಂಬಿ, ಎಂಜಿನ್ ಬಿಸಿಮಾಡಿ, ತಣಿದ ಮೇಲೆ ಖಾಲಿ ಮಾಡಿ, ತಿಳಿನೀರು ಬರುವವರೆಗೆ ಇದನ್ನೇ ಮತ್ತೆ ಮತ್ತೆ ಮಾಡಿದಿರಿ ಎಂದರೆ ಕೊನೆಗೆ ಒಳಗೆ 2.5 ಲೀಟರ್ ಬರೀ ನೀರು ಉಳಿದಿರುತ್ತದೆ. ಆಗ ಅಂಗಡಿಯ ರೆಡಿ ಮಿಕ್ಸ್ ಕೂಲೆಂಟನ್ನು 2.5 ಲೀಟರ್ ಹಾಕಿದರೆ, ಅದರಲ್ಲೇ ಅರ್ಧ ನೀರಿರುವುದರಿಂದ, ಒಟ್ಟು ಮಿಶ್ರಣದಲ್ಲಿ ಕೂಲೆಂಟಿನ ಪಾಲು ಬರೀ 25 ಪ್ರತಿಶತಕ್ಕೆ ಇಳಿಯುತ್ತದೆ. ಹೀಗೆ ನೀರಿನಿಂದ ತೊಳೆದ ಮೇಲೆ ನೀರು ಬೆರೆಸದ ಗಟ್ಟಿ ಕೂಲೆಂಟನ್ನೇ 2.5 ಲೀಟರ್ ತುಂಬಬೇಕು, ಆಗ ಮಾತ್ರ ಅರ್ಧಕ್ಕರ್ಧ ಆಗುತ್ತದೆ. ರೆಡಿ ಮಿಕ್ಸ್ ಬಳಸುವುದಾದರೆ ನೀರಿನಿಂದ ತೊಳೆಯದೆ, ಖಾಲಿ ಮಾಡಿ ತುಂಬಿ, ಕೆಲವು ವಾರ ಓಡಿಸಿ, ಪುನಃ ಖಾಲಿ ಮಾಡಿ ತುಂಬಿದರೆ ಮುಕ್ಕಾಲು ಪಾಲು ಹೊಸದಾಗುತ್ತದೆ. ಕಂದು ಬಣ್ಣ ಬಂದಿರುವ ನಿಮ್ಮ ಗಾಡಿಗೆ ತೊಳೆಯುವ ಮಾರ್ಗವೇ ಸರಿ.

ತುಂಬಿದ ಮೇಲೆ ಗಾಳಿ ಹೊರಹಾಕುವುದು ಈ ಕೆಲಸದ ಅತ್ಯಂತ ಮುಖ್ಯ ಹಂತ. ಸಾಧ್ಯವಾದರೆ ಗಾಡಿಯ ಮೂತಿ ಸ್ವಲ್ಪ ಮೇಲಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ರೇಡಿಯೇಟರ್ ಮುಚ್ಚಳ ತೆರೆದಿಟ್ಟೇ ಎಂಜಿನ್ನನ್ನು ಐಡಲ್‌ನಲ್ಲಿ ಬಿಡಿ. ಥರ್ಮೋಸ್ಟಾಟ್ ಸಾಮಾನ್ಯವಾಗಿ 80ರಿಂದ 90 ಡಿಗ್ರಿಯೊಳಗೆ ತೆರೆದುಕೊಳ್ಳುತ್ತದೆ. ಆಗ ಮಟ್ಟ ತಟ್ಟನೆ ಕುಸಿಯುತ್ತದೆ, ಗುಳ್ಳೆಗಳು ಏಳುತ್ತವೆ. ದ್ರವ ತುಂಬುತ್ತಾ ಹೋಗಿ ಗುಳ್ಳೆ ನಿಂತ ಮೇಲೆ ಮುಚ್ಚಳ ಹಾಕಿ. ರೇಡಿಯೇಟರ್ ಫ್ಯಾನ್ ಒಮ್ಮೆ ಓಡಿ ನಿಲ್ಲುವವರೆಗೆ ಕಾಯಿರಿ. ಮೇಲಿನ ಮತ್ತು ಕೆಳಗಿನ ಹೋಸುಗಳೆರಡೂ ಬಿಸಿಯಾಗಿದ್ದು, ಒಳಗೆ ಹೀಟರಿನಿಂದ ಬಿಸಿಗಾಳಿ ಬರುತ್ತಿದ್ದರೆ ದ್ರವ ಸರಿಯಾಗಿ ಸುತ್ತುತ್ತಿದೆ ಎಂದರ್ಥ. ಮರುದಿನ ಬೆಳಿಗ್ಗೆ ಮಟ್ಟ ಸ್ವಲ್ಪ ಇಳಿದಿರುವುದು ಸಹಜ. ಡಬ್ಬಿಗೆ ಹಾಕಿ ಸರಿದೂಗಿಸಿ.

ನೀರಿನ ಬಗ್ಗೆ ಇನ್ನೊಂದು ಮಾತು. ಮನೆಯ ಆರ್‌ಒ ಯಂತ್ರದ ನೀರು ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಆ ಯಂತ್ರಗಳಲ್ಲಿ ಅನೇಕವು ರುಚಿಗಾಗಿ ಮೂಲ ನೀರನ್ನೇ ಸ್ವಲ್ಪ ಬೆರೆಸುವುದರಿಂದ ಅದನ್ನು ನಂಬಬಾರದು. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರನ್ನೇ ತನ್ನಿ. ಅದೇ ಬಗೆಯ ಕ್ಯಾನಿನಲ್ಲಿ ಬ್ಯಾಟರಿ ಆಸಿಡ್ಡನ್ನೂ ಮಾರುತ್ತಾರೆ, ಹೀಗಾಗಿ ಲೇಬಲ್ ಓದದೆ ತರಬೇಡಿ.

ಹಾಸನ ವರ್ಕ್‌ಶಾಪ್

ನಾನು ಮೂರು ದಶಕ ಗ್ಯಾರೇಜು ನಡೆಸಿ ಈಗ ಬಿಡುವಾಗಿರುವವನು. ಕೈಗೆಲಸ ಅವರು ಬರೆದಿರುವ ಕ್ರಮ ಸರಿಯಾಗಿದೆ, ಮಿಶ್ರಣದ ಲೆಕ್ಕವಂತೂ ಅನೇಕ ಮೆಕ್ಯಾನಿಕ್ಕುಗಳೂ ಮಾಡದಂಥದ್ದು. ಆದರೆ ತುಂಗಾತೀರ ಅವರ ಗಾಡಿಯಲ್ಲಿ ಮೊದಲು ಆಗಬೇಕಾದ ಕೆಲಸ ಕೂಲೆಂಟ್ ಬದಲಾವಣೆ ಅಲ್ಲ. ಮಟ್ಟ ಇಳಿಯುತ್ತಿದೆ, ಎಲ್ಲಿಗೆ ಹೋಗುತ್ತಿದೆ ಎಂದು ಗೊತ್ತಿಲ್ಲ. ಅದನ್ನು ಕಂಡುಹಿಡಿಯದೆ ಹೊಸ ದ್ರವ ತುಂಬಿದರೆ ಅದೂ ಅದೇ ದಾರಿಯಲ್ಲಿ ಹೋಗುತ್ತದೆ.

ಗ್ಯಾರೇಜಿಗೆ ಹಣ ಕೊಡುವುದು ದ್ರವ ಸುರಿಯುವುದಕ್ಕಲ್ಲ, ಪರೀಕ್ಷೆಗೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಪ್ರೆಷರ್ ಟೆಸ್ಟರ್ ಎಂಬ ಕೈಪಂಪನ್ನು ರೇಡಿಯೇಟರಿನ ಬಾಯಿಗೆ ಕೂರಿಸಿ, ಮುಚ್ಚಳದ ಮೇಲೆ ಬರೆದಿರುವ ಒತ್ತಡದವರೆಗೆ ಗಾಳಿ ತುಂಬಿ ಬಿಟ್ಟರೆ, ಮುಳ್ಳು ಹತ್ತು ಹದಿನೈದು ನಿಮಿಷ ಅಲುಗಾಡದೆ ನಿಲ್ಲಬೇಕು. ಇಳಿದರೆ ಸೋರಿಕೆ ಇದೆ ಎಂದು ಗೊತ್ತಾಗುತ್ತದೆ, ಎಂಜಿನ್ ತಣ್ಣಗಿರುವುದರಿಂದ ಹನಿ ಆರಿಹೋಗದೆ ಜಾಗವೂ ಕಣ್ಣಿಗೆ ಬೀಳುತ್ತದೆ. ಹೊರಗೆ ಎಲ್ಲಿಯೂ ಹನಿ ಕಾಣದೆ ಮುಳ್ಳು ಮಾತ್ರ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಪಟ್ಟಿ) ಮೇಲೆ ಅನುಮಾನ ಬರಬೇಕು. ಅದಕ್ಕೆ ಬೇರೆಯದೇ ಪರೀಕ್ಷೆಯಿದೆ. ರೇಡಿಯೇಟರಿನ ಬಾಯಿಂದ ಬರುವ ಆವಿಯನ್ನು ಒಂದು ನೀಲಿ ದ್ರವದ ಮೂಲಕ ಹಾಯಿಸುತ್ತಾರೆ. ಪೆಟ್ರೋಲ್ ಎಂಜಿನ್ನಿನ ಹೊಗೆ ಅದರಲ್ಲಿ ಸೇರಿದ್ದರೆ ನೀಲಿ ಹಳದಿಗೆ ತಿರುಗುತ್ತದೆ. ಈ ಎರಡು ಪರೀಕ್ಷೆಗಳಿಗೆ ಕೊಟ್ಟ ಹಣ ವ್ಯರ್ಥವಲ್ಲ. ಸರ್ವಿಸ್ ಸೆಂಟರಿನವರು ಪರೀಕ್ಷಿಸದೆ ಪಂಪ್, ಥರ್ಮೋಸ್ಟಾಟ್ ಎರಡನ್ನೂ ಪಟ್ಟಿಗೆ ಸೇರಿಸಿದ್ದರೆ, ಯಾವ ಆಧಾರದ ಮೇಲೆ ಎಂದು ನೀವು ಕೇಳಲೇಬೇಕು. ಪಂಪಿನ ರಂಧ್ರದಲ್ಲಿ ಕರೆ ಇಲ್ಲದೆ, ಬೇರಿಂಗ್ ಶಬ್ದವೂ ಇಲ್ಲದೆ ಅದನ್ನು ಬದಲಿಸುವ ಅಗತ್ಯವಿಲ್ಲ.

ಮುಚ್ಚಳವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಆದರೆ ನನ್ನ ಪ್ರಕಾರ ಈ ವ್ಯವಸ್ಥೆಯಲ್ಲಿ ಅತಿ ಕಡಿಮೆ ಬೆಲೆಯ, ಅತಿ ಮುಖ್ಯವಾದ ಭಾಗ ಅದೇ. ಅದರ ಮೇಲೆ 0.9 ಅಥವಾ 1.1 ಎಂದು ಬರೆದಿರುತ್ತದೆ, ಅದು ಬಾರ್ ಲೆಕ್ಕದ ಒತ್ತಡ. ಅರ್ಧಕ್ಕರ್ಧ ಮಿಶ್ರಣ ತೆರೆದ ಪಾತ್ರೆಯಲ್ಲಿ 107 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತದೆ. 1.1ರ ಮುಚ್ಚಳ ಸರಿಯಾಗಿ ಹಿಡಿದಿದ್ದರೆ ಅದೇ ಮಿಶ್ರಣ 125 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಮುಚ್ಚಳದ ರಬ್ಬರ್ ಗಟ್ಟಿಯಾಗಿ ಒತ್ತಡ ಬಿಟ್ಟುಕೊಡುತ್ತಿದ್ದರೆ, ಘಟ್ಟ ಹತ್ತುವಾಗ ದ್ರವ ಡಬ್ಬಿಗೆ ಉಕ್ಕಿ, ಅಲ್ಲಿಂದ ಹೊರಗೆ ಚೆಲ್ಲಿ, ಊರಿಗೆ ಬರುವಷ್ಟರಲ್ಲಿ ಯಾವ ಗುರುತೂ ಇರುವುದಿಲ್ಲ. ನೀವು ಹೇಳುವ ಲಕ್ಷಣಕ್ಕೆ ಇದೂ ಒಂದು ಕಾರಣ ಆಗಿರಬಹುದು. ಒಂಬತ್ತು ವರ್ಷ ದಾಟಿದ ಮುಚ್ಚಳವನ್ನು ಪರೀಕ್ಷೆಗೂ ಕಾಯದೆ ಬದಲಿಸಿಬಿಡಿ. ಆದರೆ ಅದೇ ಅಂಕೆಯ ಮುಚ್ಚಳ ಹಾಕಬೇಕು. ಹೆಚ್ಚು ಒತ್ತಡದ್ದು ಒಳ್ಳೆಯದೆಂದು ಹಾಕಿದರೆ ಹಳೆಯ ಹೋಸು ಒಡೆಯುತ್ತದೆ.

ಥರ್ಮೋಸ್ಟಾಟ್ ವಿಷಯದಲ್ಲಿ ನಮ್ಮ ವೃತ್ತಿಯವರದೇ ಒಂದು ಕೆಟ್ಟ ಅಭ್ಯಾಸವಿದೆ. ನಮ್ಮದು ಬಿಸಿಲಿನ ನಾಡು, ಇದು ಬೇಕಾಗಿಲ್ಲ ಎಂದು ಅದನ್ನು ತೆಗೆದು ಬಿಸಾಡುತ್ತಾರೆ. ಆಗ ಎಂಜಿನ್ ತನ್ನ ಸರಿಯಾದ ಬಿಸಿಗೆ ಬಾರದೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಆಯಿಲ್ ಬೇಗ ಕೆಡುತ್ತದೆ. ಇಷ್ಟೇ ಅಲ್ಲ, ಕೆಲವು ಎಂಜಿನ್ನುಗಳಲ್ಲಿ ಬಿಸಿಯಾದ ಮೇಲೆ ಅಡ್ಡದಾರಿಯನ್ನು ಮುಚ್ಚುವ ಕೆಲಸವೂ ಥರ್ಮೋಸ್ಟಾಟಿನದೇ. ಅದು ಇಲ್ಲದಿದ್ದರೆ ದ್ರವದ ಒಂದು ಪಾಲು ರೇಡಿಯೇಟರಿಗೆ ಹೋಗದೆ ಅಲ್ಲೇ ಸುತ್ತುತ್ತಾ, ಘಟ್ಟದಲ್ಲಿ ಎಂಜಿನ್ ಇನ್ನಷ್ಟು ಬಿಸಿಯಾಗುತ್ತದೆ. ಯಾರಾದರೂ ತೆಗೆಯೋಣ ಎಂದರೆ ಒಪ್ಪಬೇಡಿ. ಹಾಗೆಯೇ ಸೋರಿಕೆಗೆ ಅರಿಶಿನ ಪುಡಿ ಸುರಿಯುವುದು ಲಾರಿಯವರು ನಡುದಾರಿಯಲ್ಲಿ ಮಾಡುತ್ತಿದ್ದ ಉಪಾಯ. ಇಂದಿನ ಸಣ್ಣ ಕೊಳವೆಗಳ ರೇಡಿಯೇಟರಿಗೆ ಅದು ರಕ್ತನಾಳದಲ್ಲಿ ಕಟ್ಟಿದ ಹೆಪ್ಪಿನಂತೆ.

ಪಂಪ್ ನಿಜಕ್ಕೂ ಹೋಗಿದ್ದರೆ, ಅದನ್ನು ತಿರುಗಿಸುವ ಬೆಲ್ಟ್ ಯಾವುದು ಎಂಬುದರ ಮೇಲೆ ನಿರ್ಧಾರ ಮಾಡಿ. ಹೊರಗಿನ ಫ್ಯಾನ್ ಬೆಲ್ಟಿನಿಂದ ತಿರುಗುವ ಪಂಪನ್ನು ತಾಳ್ಮೆಯಿರುವವರು ಮನೆಯಲ್ಲೂ ಬದಲಿಸಬಹುದು. ಟೈಮಿಂಗ್ ಬೆಲ್ಟಿನಿಂದ ತಿರುಗುವುದಾದರೆ ಕೈಹಾಕಬೇಡಿ. ಒಂದೆರಡು ಹಲ್ಲು ಆಚೀಚೆಯಾದರೂ ಅನೇಕ ಎಂಜಿನ್ನುಗಳಲ್ಲಿ ವಾಲ್ವುಗಳು ಪಿಸ್ಟನ್ನಿಗೆ ಬಡಿಯುತ್ತವೆ.

ನನ್ನ ಸಲಹೆ ಇಷ್ಟು: ಪರೀಕ್ಷೆ ಗ್ಯಾರೇಜಿನಲ್ಲಿ ಮಾಡಿಸಿ, ದ್ರವ ಬದಲಾವಣೆ ನೀವೇ ಮಾಡಿ. ಅದಕ್ಕೂ ಧೈರ್ಯ ಬಾರದಿದ್ದರೆ ಕೂಲೆಂಟನ್ನೂ ಡಿಸ್ಟಿಲ್ಡ್ ವಾಟರನ್ನೂ ನೀವೇ ಕೊಂಡುಹೋಗಿ, ಬರೀ ಕೂಲಿ ಕೊಟ್ಟು, ಪಕ್ಕದಲ್ಲಿ ನಿಂತು ಮಾಡಿಸಿ. ಪ್ರಾಮಾಣಿಕ ಮೆಕ್ಯಾನಿಕ್ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಹತ್ತಿಯ ನಾಡು, ಹಾವೇರಿ

ಮೇಲಿನ ಇಬ್ಬರೂ ಒಳಗಿನ ದ್ರವದ ಬಗ್ಗೆ ಬರೆದಿದ್ದಾರೆ. ಹೊರಗಿನಿಂದ ರೇಡಿಯೇಟರ್ ಸ್ವಚ್ಛವಾಗಿರುವುದೂ ಅಷ್ಟೇ ಮುಖ್ಯ. ನಮ್ಮ ಕಡೆ ಸುಗ್ಗಿಯ ಕಾಲದಲ್ಲಿ ಹತ್ತಿಯ ಎಳೆ, ಹೊಟ್ಟು, ದೂಳು ಎಲ್ಲ ಸೇರಿ ಎಸಿ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ಕಂಬಳಿಯಂತೆ ಕೂರುತ್ತದೆ, ಮುಂದಿನಿಂದ ನೋಡಿದರೆ ಕಾಣುವುದೇ ಇಲ್ಲ. ಇದನ್ನು ಮನೆಯಲ್ಲೇ, ಎಂಜಿನ್ ತಣ್ಣಗಿರುವಾಗ, ತೋಟದ ಪೈಪಿನ ಮೆಲ್ಲನೆಯ ನೀರನ್ನು ಎಂಜಿನ್ ಕಡೆಯಿಂದ ಹೊರಮುಖವಾಗಿ ಬಿಟ್ಟು ತೊಳೆಯಬಹುದು. ವಾಟರ್ ಸರ್ವಿಸ್ ಅಂಗಡಿಯ ಪ್ರೆಷರ್ ಗನ್ನನ್ನು ಹತ್ತಿರ ಹಿಡಿದರೆ ರೇಡಿಯೇಟರಿನ ತೆಳು ರೆಕ್ಕೆಗಳು ಮಡಚಿಕೊಂಡು ಗಾಳಿಯ ದಾರಿಯೇ ಮುಚ್ಚಿಹೋಗುತ್ತದೆ. ಫ್ಯಾನ್ ಮೋಟಾರನ್ನು ಪರೀಕ್ಷಿಸಲು ಎಂಜಿನ್ ಶುರುಮಾಡಿ ಎಸಿ ಹಾಕಿ ನೋಡಿ. ಬಹುತೇಕ ಗಾಡಿಗಳಲ್ಲಿ ಎಸಿ ಹಾಕಿದ ಸ್ವಲ್ಪ ಹೊತ್ತಿನಲ್ಲೇ ಫ್ಯಾನ್ ತಿರುಗಬೇಕು.

ಪಶುವೈದ್ಯೆ, ಮೈಸೂರು

ಮನೆಯಲ್ಲಿ ಈ ಕೆಲಸ ಮಾಡುವವರಿಗೆ ಒಂದು ವಿನಂತಿ. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಯಲ್ಲಿ ಸಿಹಿ, ಆದರೆ ತೀವ್ರವಾದ ವಿಷ. ನಾಲ್ಕು ಕೆ.ಜಿ. ತೂಕದ ಬೆಕ್ಕಿನ ಪ್ರಾಣ ತೆಗೆಯಲು ನೀರು ಬೆರೆಸದ ಕೂಲೆಂಟ್ ಒಂದೂವರೆ ಟೀ ಚಮಚದಷ್ಟು ಸಾಕಾಗಬಹುದು. ಪ್ರಾಣಿ ಮೊದಲು ಅಮಲೇರಿದಂತೆ ತೂರಾಡುತ್ತದೆ, ಆಮೇಲೆ ಸುಧಾರಿಸಿದಂತೆ ಕಾಣುತ್ತದೆ, ಅಷ್ಟರಲ್ಲಿ ಒಳಗೆ ಆಕ್ಸಲೇಟ್ ಹರಳುಗಳು ಮೂತ್ರಪಿಂಡವನ್ನು ಹಾಳುಮಾಡಿರುತ್ತವೆ. ಸುಧಾರಿಸಿತು ಎಂದು ಕಾಯದೆ ಕೂಡಲೇ ಆಸ್ಪತ್ರೆಗೆ ಒಯ್ದರೆ ಮಾತ್ರ ಉಳಿಸುವ ಅವಕಾಶವಿರುತ್ತದೆ. ಖಾಲಿ ಮಾಡಿದ ದ್ರವವನ್ನು ಅಗಲವಾದ ಬೋಗುಣಿಯಲ್ಲಿ ಹಿಡಿದು, ಆ ಕ್ಷಣವೇ ಬಿರಟೆಯಿರುವ ಕ್ಯಾನಿಗೆ ತುಂಬಿ, ಮೇಲೆ ವಿಷ ಎಂದು ದಪ್ಪಕ್ಷರದಲ್ಲಿ ಬರೆದಿಡಿ. ಕುಡಿಯುವ ನೀರಿನ ಬಾಟಲಿಗೆ ತುಂಬಲೇಬೇಡಿ, ಮನೆಯಲ್ಲಿ ಮಕ್ಕಳಿರುತ್ತಾರೆ. ಚರಂಡಿಗೋ ಗಿಡದ ಬುಡಕ್ಕೋ ಸುರಿಯದೆ, ಹಳೆಯ ಆಯಿಲ್ ಮತ್ತು ಕೂಲೆಂಟನ್ನು ವಿಲೇವಾರಿಗೆ ಸಂಗ್ರಹಿಸುವ ವರ್ಕ್‌ಶಾಪಿಗೆ ಒಪ್ಪಿಸಿ. ನೆಲದ ಮೇಲೆ ಚೆಲ್ಲಿದ್ದರೆ ಮಣ್ಣು ಹಾಕಿ ಒರೆಸಿ ತೆಗೆದು, ಆನಂತರ ಧಾರಾಳವಾಗಿ ನೀರಿನಿಂದ ತೊಳೆಯಿರಿ.

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಮುಂದಿನ ವಾರ ಪ್ರೆಷರ್ ಟೆಸ್ಟರ್ ಇರುವ ಗ್ಯಾರೇಜಿನಲ್ಲಿ ಪರೀಕ್ಷೆ ಮಾಡಿಸಿ, ಮುಚ್ಚಳ ಬದಲಿಸಿ, ಸೋರಿಕೆ ಸಣ್ಣದಾಗಿದ್ದರೆ ಉಳಿದ ಕೆಲಸವನ್ನು ನಾನೇ ಮಾಡುವುದೆಂದು ತೀರ್ಮಾನಿಸಿದ್ದೇನೆ. ಎರಡು ಸಂದೇಹಗಳು ಉಳಿದಿವೆ. ಹಸಿರು ಕೂಲೆಂಟಿದ್ದ ಗಾಡಿಗೆ ಈಗ ಅಂಗಡಿಯವರು ಕೊಡುವ ಗುಲಾಬಿ ಬಣ್ಣದ್ದನ್ನು ಹಾಕಬಹುದೇ? ಮತ್ತು ಅಷ್ಟರೊಳಗೆ ಉಡುಪಿಗೆ ಹೋಗಿಬರುವ ಅನಿವಾರ್ಯ ಬಂದು, ಘಟ್ಟದ ಬುಡದ ಸೋಮೇಶ್ವರದಿಂದ ಮೇಲೆ ಹತ್ತುವಾಗ ಕೆಂಪು ದೀಪ ಬಂದರೆ ಏನು ಮಾಡಬೇಕು?

ಹಾಸನ ವರ್ಕ್‌ಶಾಪ್

ಬಣ್ಣಕ್ಕೆ ಎಲ್ಲ ಕಂಪನಿಗಳೂ ಒಪ್ಪಿಕೊಂಡ ನಿಯಮವೆಂಬುದು ಇಲ್ಲ. ಒಬ್ಬರ ಹಸಿರು, ಇನ್ನೊಬ್ಬರ ಗುಲಾಬಿ ಒಂದೇ ಬಗೆಯ ರಾಸಾಯನಿಕ ಇರಬಹುದು, ಒಂದೇ ಬಣ್ಣದ ಎರಡು ಡಬ್ಬಿಗಳು ಬೇರೆ ಬೇರೆಯೂ ಇರಬಹುದು. ಗಾಡಿಯ ಜೊತೆ ಬಂದ ಕೈಪಿಡಿಯಲ್ಲಿ ಹೇಳಿರುವ ಬಗೆಯನ್ನೇ ಡಬ್ಬಿಯ ಮೇಲೆ ಓದಿ ಕೊಳ್ಳಿ. ಬಗೆ ಬದಲಿಸುವುದಾದರೆ ಹಳೆಯದು ಪೂರ್ತಿ ಹೋಗುವಂತೆ ತೊಳೆದ ಮೇಲೆ ಮಾತ್ರ ಬದಲಿಸಿ, ಏಕೆಂದರೆ ಬೆರೆತರೆ ಎರಡರ ಬಾಳಿಕೆಯೂ ಕುಗ್ಗುತ್ತದೆ, ಕೆಲವೊಮ್ಮೆ ಲೋಳೆಯಂತಾಗಿ ಕೊಳವೆ ಕಟ್ಟುತ್ತದೆ.

ಘಟ್ಟದ ಪ್ರಶ್ನೆಗೆ ಉತ್ತರ ಹೇಳುವ ಮುನ್ನ, ಸೋರಿಕೆ ತಿಳಿಯದೆ ಆಗುಂಬೆ ಹತ್ತದಿರುವುದೇ ಒಳ್ಳೆಯದು. ಹದಿನಾಲ್ಕು ತಿರುವುಗಳಲ್ಲಿ ಗಾಡಿ ನಿಲ್ಲಿಸಲು ಸುರಕ್ಷಿತ ಜಾಗ ಸಿಗುವುದು ಕಡಿಮೆ. ಹೋಗಲೇಬೇಕಾದರೆ ಮೊಬೈಲಿಗೆ ಸೇರುವ ಸಣ್ಣ ಓಬಿಡಿ ಸ್ಕ್ಯಾನರ್ (ಗಾಡಿಯ ಕಂಪ್ಯೂಟರಿನ ಮಾಹಿತಿ ಓದುವ ಸಾಧನ) ಒಂದನ್ನು ಕೊಂಡು ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಹಾಕಿಕೊಳ್ಳಿ. ಆಗ ಕೂಲೆಂಟಿನ ಉಷ್ಣತೆ ಮೊಬೈಲಿನಲ್ಲಿ ಡಿಗ್ರಿ ಲೆಕ್ಕದಲ್ಲಿ ಕಾಣುತ್ತದೆ, ಕೆಂಪು ದೀಪಕ್ಕೆ ಕಾಯಬೇಕಾಗಿಲ್ಲ. ಅಂಕೆ 105 ದಾಟಿ ಏರುತ್ತಲೇ ಹೋದರೆ ಎಸಿ ನಿಲ್ಲಿಸಿ, ಹೀಟರನ್ನು ಪೂರ್ತಿ ಬಿಸಿಗೆ, ಬ್ಲೋವರನ್ನು ಪೂರ್ತಿ ವೇಗಕ್ಕೆ ಹಾಕಿ. ಸೆಖೆಯಾದರೂ ಎಂಜಿನ್ನಿನ ಬಿಸಿಯಲ್ಲಿ ಒಂದು ಪಾಲು ಆ ದಾರಿಯಲ್ಲಿ ಹೋಗುತ್ತದೆ. ಮೊದಲು ಸಿಕ್ಕ ಅಗಲ ಜಾಗದಲ್ಲಿ ನಿಲ್ಲಿಸಿ. ಹೊಗೆ, ಹಬೆ, ಸೋರಿಕೆ ಇಲ್ಲದೆ ಫ್ಯಾನ್ ತಿರುಗುತ್ತಿದ್ದರೆ ಎಂಜಿನ್ನನ್ನು ಐಡಲ್‌ನಲ್ಲೇ ಬಿಡಿ, ಉಷ್ಣತೆ ಇಳಿಯುತ್ತದೆ. ಹಬೆ ಬರುತ್ತಿದ್ದರೆ ಅಥವಾ ಕೆಂಪು ದೀಪ ಹತ್ತಿದ್ದರೆ ತಕ್ಷಣ ಆಫ್ ಮಾಡಿ.

ಯಾವ ಕಾರಣಕ್ಕೂ ಬಿಸಿಯಿರುವಾಗ ಮುಚ್ಚಳ ತಿರುಗಿಸಬೇಡಿ. ಒತ್ತಡ ಬಿಟ್ಟ ಕ್ಷಣವೇ ಒಳಗಿನ ದ್ರವವೆಲ್ಲ ಕುದಿದು ಮುಖಕ್ಕೆ ಹಾರುತ್ತದೆ. ನಮ್ಮ ಗ್ಯಾರೇಜಿಗೆ ಅಂಥ ಸುಟ್ಟ ಗಾಯಗಳೊಂದಿಗೆ ಬಂದವರನ್ನು ನೋಡಿದ್ದೇನೆ. ಒಂದು ಗಂಟೆಯಾದರೂ ಕಾದು, ಮೇಲಿನ ಹೋಸನ್ನು ಕೈಯಿಂದ ಹಿಸುಕಿ, ಮೆತ್ತಗಾಗಿ ತಣ್ಣಗಿದ್ದರೆ ದಪ್ಪ ಬಟ್ಟೆ ಮುಚ್ಚಿ ನಿಧಾನವಾಗಿ ತೆರೆಯಿರಿ. ಎಂಜಿನ್ ಬಿಸಿಯಿರುವಾಗ ತಣ್ಣೀರು ಸುರಿದರೆ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ಇನ್ನೊಂದು ಮಾತು ನೆನಪಿರಲಿ: ದ್ರವವೆಲ್ಲ ಖಾಲಿಯಾಗಿದ್ದರೆ ಸೆನ್ಸರ್ ಬರೀ ಗಾಳಿಯಲ್ಲಿ ನಿಂತು, ಎಂಜಿನ್ ಸುಡುತ್ತಿದ್ದರೂ ಕಡಿಮೆ ಅಂಕೆ ತೋರಿಸಬಹುದು. ಅಂಕೆ ಇದ್ದಕ್ಕಿದ್ದಂತೆ ಕುಸಿದು, ಹೀಟರಿನಿಂದ ಬರುವ ಗಾಳಿಯೂ ತಣ್ಣಗಾದರೆ ಸರಿಹೋಯಿತೆಂದು ಮುಂದಕ್ಕೆ ಹೋಗಬೇಡಿ, ಎಂಜಿನ್ ನಿಲ್ಲಿಸಿ ಟೋಯಿಂಗ್ ಗಾಡಿ ಕರೆಸಿ. ಹೆಡ್ ಎತ್ತಿ ಗ್ಯಾಸ್ಕೆಟ್ ಹಾಕಿ, ಹೆಡ್ಡನ್ನು ಮಟ್ಟ ಮಾಡಿಸುವ ಖರ್ಚಿನ ಮುಂದೆ ಟೋಯಿಂಗಿನ ಹಣ ಬಹಳ ಕಡಿಮೆ. ಪರೀಕ್ಷೆ ಮುಗಿದ ಮೇಲೆ ಮುಳ್ಳು ಎಷ್ಟಕ್ಕೆ ಇಳಿಯಿತು, ಎಲ್ಲಿ ಹನಿ ಕಂಡಿತು ಎಂಬುದನ್ನು ಇಲ್ಲಿ ಬರೆಯಿರಿ, ಮುಂದಿನದನ್ನು ನೋಡಿ ಹೇಳುತ್ತೇನೆ.